ಗಾಜಿನ ತೊಟ್ಟಿಯ ಕಡಲು: ಒಡೆತನವೇ, ಅಮಾನತ್ತೇ?

ಮನೆಯಲ್ಲಿ ಬಣ್ಣದ ಮೀನುಗಳನ್ನು ಸಾಕುವುದು ಹೊಸದೇನಲ್ಲ. ಆದರೆ ಈಚೆಗೆ ಕೆಲವು ಅನುಕೂಲಸ್ಥರ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿಗಳು ಕಾಣಿಸತೊಡಗಿವೆ. ಅವುಗಳಲ್ಲಿ ಕಡಲ ಮೀನುಗಳಿವೆ, ಜೀವಂತ ಹವಳಗಳಿವೆ. ಇದು ಜಾಯಿಝ್ ಹೌದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಕಷ್ಟವಿರುವುದು ಆ ಉತ್ತರದ ನಂತರ ಹುಟ್ಟುವ ಪ್ರಶ್ನೆಯಲ್ಲಿ.

ಹಝ್ರತ್ ಅನಸ್(ರ)ರ ತಮ್ಮ ಅಬೂ ಉಮೈರ್ ಎಂಬ ಬಾಲಕನ ಬಳಿ ಪುಟ್ಟ ಹಕ್ಕಿಯೊಂದಿತ್ತು. ಪ್ರವಾದಿವರ್ಯರು(ಸ) ಆ ಹಕ್ಕಿಯ ಬಗ್ಗೆ ಮಗುವನ್ನು ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಪ್ರಾಣಿಪಕ್ಷಿಗಳನ್ನು ಸಾಕಬಹುದೆಂಬುದಕ್ಕೆ ವಿದ್ವಾಂಸರು ಇದನ್ನು ಆಧಾರವಾಗಿ ಹೇಳುತ್ತಾರೆ. ಇನ್ನೊಂದು ಹದೀಸ್ ಕೂಡಾ ನಮಗೆಲ್ಲ ತಿಳಿದದ್ದೇ. ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದಳು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸಾಕುವುದು ಪಾಪವಲ್ಲ. ಒಂದು ಜೀವಿಯ ಎಲ್ಲ ದಾರಿಗಳನ್ನೂ ಮುಚ್ಚಿ, ಬಳಿಕ ಅದನ್ನು ಮರೆತುಬಿಡುವುದು ಪಾಪ.

ಹಾಗಾದರೆ ಕಡಲ ತೊಟ್ಟಿಯಲ್ಲಿ ನಾವು ಎಷ್ಟು ದಾರಿಗಳನ್ನು ಮುಚ್ಚುತ್ತೇವೆ? ಅಂಗಳದ ಕೋಳಿ ನಾವು ಮರೆತರೂ ಕೆದಕಿ ತಿಂದೀತು. ತೊಟ್ಟಿಯ ಮೀನಿಗೆ ಆಹಾರ ಮಾತ್ರವಲ್ಲ, ಅದು ಉಸಿರಾಡುವ ನೀರು, ಅದರ ಉಪ್ಪು, ಬಿಸಿ, ಬೆಳಕು ಎಲ್ಲವೂ ನಮ್ಮ ಕೈಯಲ್ಲೇ ಇದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರಬೇಕು. ಅದೂ ಅಡುಗೆ ಉಪ್ಪಲ್ಲ, ಕಡಲಿನ ಲವಣಗಳೆಲ್ಲ ಸೇರಿದ ವಿಶೇಷ ಮಿಶ್ರಣ. ತೊಟ್ಟಿಯ ನೀರು ಆರಿದಾಗ ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನವೂ ಶುದ್ಧವಾದ ಸಿಹಿನೀರನ್ನೇ ಸೇರಿಸಬೇಕು. ಉಷ್ಣತೆ 24ರಿಂದ 27 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮ ಕರಾವಳಿಯ ಬೇಸಿಗೆಯಲ್ಲಿ ತಂಪುಗೊಳಿಸುವ ಯಂತ್ರವಿಲ್ಲದೆ ಇದು ಸಾಧ್ಯವಿಲ್ಲ. ನೀರು ಅತಿಯಾಗಿ ಬಿಸಿಯಾದರೆ ಹವಳವು ತನ್ನೊಳಗೆ ವಾಸಿಸುತ್ತಾ ತನಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕರೆಂಟು ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ಕುಸಿಯುತ್ತದೆ. ಈದ್‌ಗೆಂದು ವಾರ ಕಾಲ ಊರಿಗೆ ಹೋಗುವವರು ಇದನ್ನೆಲ್ಲ ಯಾರಿಗೆ ಒಪ್ಪಿಸಿ ಹೋಗುತ್ತಾರೆ?

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಆರಂಭದಲ್ಲೇ ಇದೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ಕಲ್ಲು, ಮರಳುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ದಿನ ತೊಟ್ಟಿಯಲ್ಲಿ ಮೀನಿರಬಾರದು. ಸಾವಿರಾರು ರೂಪಾಯಿ ಸುರಿದವನಿಗೆ ಬರಿಯ ನೀರನ್ನು ನೋಡುತ್ತಾ ಕೂರುವ ತಾಳ್ಮೆ ಇರುವುದಿಲ್ಲ. ಮೀನು ತರುತ್ತಾನೆ, ಅವು ಸಾಯುತ್ತವೆ. “ಸತ್ತರೆ ಇನ್ನೊಂದು ತಂದರಾಯಿತು” ಎನ್ನುತ್ತಾನೆ. ಪಕ್ಕದಲ್ಲಿ ನಿಂತ ಮಗು ಈ ಮಾತನ್ನು ಕೇಳಿಸಿಕೊಳ್ಳುತ್ತದೆ. ಜೀವವೆಂದರೆ ಹಣಕ್ಕೆ ಸಿಗುವ, ಹಾಳಾದರೆ ಬದಲಿಸಬಹುದಾದ ಸಾಮಾನು ಎಂಬ ಪಾಠ ಆ ಮನೆಯಲ್ಲಿ ಅಂದೇ ಆರಂಭವಾಗುತ್ತದೆ. ಅದೇ ಮಗು ನಾಳೆ ಮನೆಗೆಲಸದವಳನ್ನೂ, ಮುದಿಯಾದ ಹೆತ್ತವರನ್ನೂ ಯಾವ ಕಣ್ಣಿನಿಂದ ನೋಡೀತು?

ಇನ್ನು, ಈ ಜೀವಿಗಳು ನಮ್ಮ ಕೈಗೆ ಬಂದ ಬಗೆಯನ್ನೂ ವಿಚಾರಿಸಬೇಕು. 1960ರ ದಶಕದಿಂದ ಫಿಲಿಪ್ಪೀನ್ಸ್‌ನಲ್ಲಿ ಅಲಂಕಾರದ ಮೀನುಗಳನ್ನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ಚಿಮ್ಮಿಸುವ ಪದ್ಧತಿ ಹಬ್ಬಿತು. ಮೀನು ಮಂಪರಾಗಿ ಕೈಗೆ ಸಿಗುತ್ತದೆ, ಹವಳ ಸಾಯುತ್ತದೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಭಟ್ಕಳ, ಮುರುಡೇಶ್ವರಗಳ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿಂದ ಒಂದು ತುಂಡು ಮುರಿದು ತರುವುದು ಕಾನೂನಿಗೂ ಅಮಾನತ್ತಿಗೂ ದ್ರೋಹ. ಹಕ್ಕಿಯ ಮರಿಗಳನ್ನು ಗೂಡಿನಿಂದ ಎತ್ತಿ ತಂದ ಸಹಾಬಿಗಳಿಗೆ, ಅವನ್ನು ತಾಯಿಗೆ ಮರಳಿಸುವಂತೆ ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದನ್ನು ಇಲ್ಲಿ ನೆನೆಯಬೇಕು.

“ಕಡಲನ್ನು ಅಲ್ಲಾಹನು ನಮಗೆ ಅಧೀನಗೊಳಿಸಿಲ್ಲವೇ? ಬಂಗುಡೆ, ಅಂಜಲ್ ತಿನ್ನುವ ನಮಗೆ ಈ ಅನುಕಂಪವೇಕೆ?” ಎಂದು ಕೆಲವರು ಕೇಳಬಹುದು. ಅಧೀನಗೊಳಿಸಿದ್ದಾನೆ, ನಿಜ. ಆದರೆ ಆಹಾರಕ್ಕೆಂದು ಕೊಯ್ಯುವಾಗಲೂ ಕತ್ತಿಯನ್ನು ಹರಿತಗೊಳಿಸಿ, ಪ್ರಾಣಿಗೆ ಕಷ್ಟವಾಗದಂತೆ ನೋಡಿಕೊಳ್ಳಬೇಕೆಂದು ಕಲಿಸಿದ ಧರ್ಮ ನಮ್ಮದು. ಹಸಿವು ನೀಗಿಸುವ ಅಗತ್ಯಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ, ಬರಿಯ ಕಣ್ಣಿನ ಸಂತೋಷಕ್ಕೆ ಎಷ್ಟು ಬೇಡ?

ಹಾಗೆಂದು ತೊಟ್ಟಿಯೇ ಬೇಡವೆಂದು ಹೇಳುತ್ತಿಲ್ಲ. ಕ್ಲೌನ್ ಮೀನಿನಂಥವನ್ನು ಕಡಲಿನಿಂದ ಹಿಡಿಯಬೇಕಿಲ್ಲ. ಅವನ್ನು ತೊಟ್ಟಿಗಳಲ್ಲೇ ಮರಿ ಮಾಡಿಸುತ್ತಾರೆ. ಆದರೆ ಮ್ಯಾಂಡರಿನ್ ಮೀನು ನೋಡಲು ಎಷ್ಟೇ ಸುಂದರವಾದರೂ ಹೆಚ್ಚಾಗಿ ಜೀವಂತ ಸೂಕ್ಷ್ಮಜೀವಿಗಳನ್ನೇ ತಿನ್ನುತ್ತದೆ. ಚಿಕ್ಕ ಹೊಸ ತೊಟ್ಟಿಯಲ್ಲಿ ಅದು ದಿನದಿನವೂ ಸೊರಗಿ ಸಾಯುತ್ತದೆ. ಅದನ್ನು ತಿಳಿದೂ ಕೊಳ್ಳುವವನಿಗೂ ಬೆಕ್ಕು ಕಟ್ಟಿದವಳಿಗೂ ಏನು ವ್ಯತ್ಯಾಸ?

ಆದ್ದರಿಂದ ಕೊಳ್ಳುವ ಮೊದಲು ಮನೆಯವರೆಲ್ಲ ಕುಳಿತು ಯೋಚಿಸಲಿ. ಈ ಜೀವಿ ಎಲ್ಲಿಂದ ಬಂತು? ಅದರ ಬದುಕಿಗೆ ಬೇಕಾದುದೆಲ್ಲವನ್ನೂ ವರ್ಷಗಟ್ಟಲೆ ಒದಗಿಸಬಲ್ಲೆವೇ? ಈ ಖರ್ಚು ಬಂಧುಗಳ, ನೆರೆಯವರ ಹಕ್ಕನ್ನು ಕಸಿಯುತ್ತಿದೆಯೇ? ಅತಿಥಿಗಳ ಮೆಚ್ಚುಗೆಗಾಗಿ ಇಡುತ್ತಿದ್ದೇವೆಯೇ, ಸೃಷ್ಟಿಕರ್ತನ ಕುಶಲತೆಯನ್ನು ಮಕ್ಕಳಿಗೆ ತೋರಿಸಲೇ? ಉತ್ತರ ತೃಪ್ತಿಕರವಾಗಿದ್ದರೆ ಬಿಸ್ಮಿಲ್ಲಾ ಎಂದು ಆರಂಭಿಸಲಿ. ಇಲ್ಲದಿದ್ದರೆ ಮಕ್ಕಳನ್ನು ಒಂದು ಸಂಜೆ ಕಡಲ ತೀರಕ್ಕೆ ಕರೆದೊಯ್ಯಲಿ. ಅದಕ್ಕೆ ಪಂಪೂ ಬೇಡ, ಪಾಪದ ಭಯವೂ ಇಲ್ಲ.

ನಮ್ಮ ವಶಕ್ಕೆ ಬಂದ ಪ್ರತಿಯೊಂದು ಮೂಕ ಜೀವಿಯ ಕುರಿತೂ ಉತ್ತರ ಹೇಳಬೇಕಾದ ದಿನವನ್ನು ನೆನೆದು ನಡೆಯಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.