ಚಳಿಗಾಲದ ಸುಖ ಮತ್ತು ಶ್ರಾವಕನ ಮಿತಿ

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಹಂಡೆಯ ಬಿಸಿನೀರು, ಒಲೆಯಿಂದ ಇಳಿದ ಸಜ್ಜೆ ರೊಟ್ಟಿ, ಮೈತುಂಬ ಹೊದೆದ ಕೌದಿ, ಅಂಗಳದ ಎಳೆಬಿಸಿಲು ಯಾರಿಗೆ ತಾನೇ ಹಿತವಲ್ಲ? ಆದರೆ ಅದೇ ಋತುವಿನಲ್ಲಿ ದಿಗಂಬರ ಮುನಿಗಳು ವಸ್ತ್ರದ ಆಸರೆಯಿಲ್ಲದೆ ಶೀತವನ್ನು ಸಮಭಾವದಿಂದ ಸಹಿಸುತ್ತಾರೆ. ತತ್ತ್ವಾರ್ಥಸೂತ್ರವು ಎಣಿಸಿದ 22 ಪರೀಷಹಗಳಲ್ಲಿ ಶೀತವೂ ಒಂದು. ಹೀಗಿರುವಾಗ ಶ್ರಾವಕನು ಬೆಚ್ಚಗಿನ ಸುಖವನ್ನು ಅನುಭವಿಸುವುದು ದೋಷವೇ ಎಂಬ ಪ್ರಶ್ನೆ ಶ್ರದ್ಧಾವಂತರ ಮನಸ್ಸಿನಲ್ಲಿ ಮೂಡುವುದು ಸಹಜ.

ಜೈನ ಕರ್ಮಸಿದ್ಧಾಂತವು ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ತೋರುತ್ತದೆ. ಹಿತದ ಅನುಭವವು ಸಾತಾವೇದನೀಯ ಕರ್ಮದ ಉದಯ. ಅದು ಹಿಂದಿನದರ ಫಲ. ಹೊಸ ಬಂಧಕ್ಕೆ ಕಾರಣವಾಗುವುದು ಆ ಹಿತಕ್ಕೆ ಅಂಟಿಕೊಳ್ಳುವ ರಾಗ. ಪರಿಗ್ರಹದ ಮೂಲವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ ಗುರುತಿಸಿದ ಉಮಾಸ್ವಾಮಿಗಳ ಆಶಯವೂ ಇದೇ. ಆದುದರಿಂದ ಕಂಬಳಿಯ ಬಿಸುಪು ತಾನಾಗಿ ಪಾಪವಲ್ಲ. ಅದಿಲ್ಲದಿದ್ದರೆ ಬಾಳಲಾರೆನೆಂಬ ಭಾವವೇ ಬಂಧನ.

ಆದರೆ ಈ ಮಾತೇ ಆತ್ಮವಂಚನೆಗೆ ದಾರಿಯಾಗಬಹುದು. “ನನಗೆ ಮೋಹವಿಲ್ಲ” ಎನ್ನುತ್ತಲೇ ಕಪಾಟಿನಲ್ಲಿ ಹೊದಿಕೆಗಳನ್ನು ಪೇರಿಸುವವನ ಮನಸ್ಸನ್ನು ಅಳೆಯುವವರಾರು? ಮನಸ್ಸು ತನಗೆ ತಾನೇ ಸಾಕ್ಷಿ ನುಡಿಯುವಾಗ ಸುಲಭವಾಗಿ ಸುಳ್ಳಾಡುತ್ತದೆ. ಅದಕ್ಕಾಗಿಯೇ ಆಚಾರ್ಯರು ಹೊರಗಿನ ಅಳತೆಯೊಂದನ್ನು ಕೊಟ್ಟರು. ಅದು ಭೋಗೋಪಭೋಗ ಪರಿಮಾಣ ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಆಹಾರದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಈ ಚಳಿಗಾಲಕ್ಕೆ ಇಷ್ಟೇ ಹೊದಿಕೆ, ಇಷ್ಟೇ ಬಿಸಿನೀರು ಎಂದು ಗೊತ್ತುಮಾಡಿಕೊಳ್ಳುವುದು ಸಾಮಾನ್ಯ ಗೃಹಸ್ಥನಿಗೂ ಸಾಧ್ಯವಾದ ನಿಯಮ.

ಎಷ್ಟು ಎಂಬುದರೊಂದಿಗೆ ಎಲ್ಲಿಂದ ಎಂಬುದನ್ನೂ ಕೇಳಬೇಕು. ರೇಷ್ಮೆಯ ನೂಲಿಗಾಗಿ ಗೂಡಿನೊಳಗಿನ ಹುಳುಗಳನ್ನು ಬಿಸಿಗೊಡ್ಡಿ ಕೊಲ್ಲಲಾಗುತ್ತದೆ. ಹಕ್ಕಿಯ ತುಪ್ಪಳದ ಹೊದಿಕೆಯ ಹಿಂದೆಯೂ ಹಿಂಸೆಯಿದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಹತ್ತಿಯ ಕೌದಿಯಾದರೋ ಸವೆದ ವಸ್ತ್ರಕ್ಕೆ ಮರುಬಾಳು ಕೊಡುತ್ತದೆ. ಕಷಾಯಕ್ಕೆ ಒಣಶುಂಠಿ, ಮೆಣಸು, ಬೆಲ್ಲ ಸಾಕು, ಜೇನು ಬೇಕಿಲ್ಲ. ಸೌದೆಯನ್ನು ಕೊಡವಿ, ಹುಳುಹುಪ್ಪಟೆ ನೋಡಿ ಒಲೆಗಿಡುವ ಎಚ್ಚರವೂ ಧರ್ಮವೇ. ಕಾಯಿಸಿಕೊಳ್ಳುವವರಿಲ್ಲದೆ ರಾತ್ರಿಯಿಡೀ ಉರಿಯುವ ಬೆಂಕಿ, ಹಾರಿ ಬರುವ ಕೀಟಗಳ ಪಾಲಿಗೆ ಚಿತೆಯಾಗುತ್ತದೆ. ಅದು ಅನರ್ಥದಂಡವಲ್ಲದೆ ಬೇರೇನು?

ವ್ರತವು ಸುಖವನ್ನು ಕಸಿಯುತ್ತದೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಡಿಸೆಂಬರಿನಲ್ಲಿ ನಮ್ಮ ನಾಡಿನಲ್ಲಿ ಸೂರ್ಯನು ಆರು ಗಂಟೆಯ ಸುಮಾರಿಗೆ ಅಸ್ತಮಿಸುತ್ತಾನೆ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಎಲ್ಲರೂ ಬೆಳಕಿರುವಾಗಲೇ ಒಟ್ಟಿಗೆ ಉಣ್ಣುತ್ತಾರೆ. ಆಮೇಲಿನ ದೀರ್ಘ ಸಂಜೆ ಸ್ವಾಧ್ಯಾಯಕ್ಕೂ, ಮಕ್ಕಳಿಗೆ ಪುರಾಣಕಥೆ ಹೇಳುವುದಕ್ಕೂ ಒದಗುತ್ತದೆ. ಇದಕ್ಕಿಂತ ಬೆಚ್ಚಗಿನ ಸುಖವನ್ನು ಅಂಗಡಿಯಿಂದ ತರಲಾಗದು.

ಕೊನೆಯದಾಗಿ, ಒಬ್ಬನ ಬಿಸುಪು ಇನ್ನೊಬ್ಬನ ನಡುಕವನ್ನು ಮರೆಸಬಾರದು. ಬಸದಿಯ ಬಾಗಿಲಲ್ಲಿ ರಾತ್ರಿ ಕಾಯುವ ಕಾವಲುಗಾರನಿಗೆ ಕಂಬಳಿಯಿದೆಯೇ? ಧರ್ಮಶಾಲೆಗೆ ಬಂದ ವೃದ್ಧ ಯಾತ್ರಿಕರಿಗೆ ಹಾಸು ಹೊದಿಕೆಯುಂಟೇ? ಮನೆಗೆಲಸಕ್ಕೆ ನಸುಕಿನಲ್ಲಿ ಬರುವ ಹೆಣ್ಣುಮಗಳು ಪಾತ್ರೆ ತೊಳೆಯುವುದು ತಣ್ಣೀರಿನಲ್ಲಿಯೇ? ಉತ್ಸವದ ಖರ್ಚನ್ನು ಲೆಕ್ಕ ಹಾಕುವ ಆಡಳಿತ ಮಂಡಳಿಗಳೂ ಗೃಹಸ್ಥರೂ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಪರಿಮಾಣವ್ರತದಿಂದ ಉಳಿದದ್ದು ಕಪಾಟಿನಲ್ಲಿಯೇ ಉಳಿದರೆ ಅದು ಬರಿಯ ಮಿತವ್ಯಯ. ಚಳಿಯಲ್ಲಿರುವವನ ಹೆಗಲೇರಿದಾಗ ಅದು ಕರುಣಾದಾನ. ಮುನಿಗಳಂತೆ ಶೀತವನ್ನು ಗೆಲ್ಲಲಾರದ ಶ್ರಾವಕನು ಪರರ ಶೀತವನ್ನಾದರೂ ಅರಿಯಬಲ್ಲನು. ಆ ಅರಿವು ಜೊತೆಗಿದ್ದರೆ ಎಳೆಬಿಸಿಲಿನ ಒಂದು ಗಳಿಗೆಯನ್ನೂ ನಿರ್ಮಲ ಮನಸ್ಸಿನಿಂದ ಸವಿಯಬಹುದು.