ಸೋತ ತರಗತಿಯ ಹೊಣೆ

ಅನುಭವಿ ಶಿಕ್ಷಕನೊಬ್ಬನು ತನ್ನ ವೃತ್ತಿಯನ್ನು ಕುರಿತು ಬರೆದುದನ್ನು ನಾವು ಏತಕ್ಕಾಗಿ ಓದಬೇಕು? ಬೋಧನೆಯ ಉಪಾಯಗಳಿಗಾಗಿ ಎಂದು ಬಹುಮಂದಿ ಹೇಳಿಯಾರು. ಉಪಾಯಗಳು ಬೇಡವೆಂದಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಪಾಠವು ಕೆಟ್ಟ ದಿನ ಅದರ ಹೊಣೆಯನ್ನು ಅವನು ಯಾರ ಮೇಲೆ ಹೊರಿಸಿದ್ದಾನೆ?

ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರ ‘ದಿವಾಸ್ವಪ್ನ’ವನ್ನು ಈ ಪ್ರಶ್ನೆಯೊಡನೆ ಓದಿ ನೋಡಿರಿ. ವಕೀಲಿ ವೃತ್ತಿಯನ್ನು ತೊರೆದು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದ ಇವರು, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಮಕ್ಕಳೊಡನೆ ಅವರು ಬೆರೆತ ಬಗೆಯನ್ನು ಕಂಡು ಜನರು ಅವರನ್ನು ‘ಮೀಸೆಯುಳ್ಳ ತಾಯಿ’ ಎಂದೇ ಕರೆದರು.

ಗ್ರಂಥವು ಕಥಾರೂಪದ್ದು. ಲಕ್ಷ್ಮೀರಾಮನೆಂಬ ಶಿಕ್ಷಕನು ಅಧಿಕಾರಿಯನ್ನು ಕೇಳಿಕೊಂಡು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕೆಂದು ಪಡೆಯುತ್ತಾನೆ. ಏನೇನು ಮಾಡಬೇಕೆಂಬುದನ್ನೆಲ್ಲ ಮುಂಚಿತವಾಗಿ ಬರೆದುಕೊಂಡು ಹೋಗುತ್ತಾನೆ. ಮೊದಲನೆಯದೇ ಮೌನದ ಆಟ. ಮಕ್ಕಳು ಮೌನವಾಗಿರುವುದಂತಿರಲಿ, ಗದ್ದಲದಿಂದ ಕೊಠಡಿಯನ್ನೇ ತುಂಬಿಬಿಡುತ್ತಾರೆ. ಯೋಜನೆಯೆಲ್ಲ ಮಣ್ಣುಗೂಡಿ, ಆ ದಿನ ಅವರನ್ನು ಮನೆಗೆ ಕಳುಹಿಸಬೇಕಾಗುತ್ತದೆ. ಬೆತ್ತವಿಲ್ಲದೆ ಶಿಸ್ತಿಲ್ಲವೆಂದು ನಂಬಿದವರ ನಡುವೆ ಇದು ಸಣ್ಣ ಅವಮಾನವಲ್ಲ. ಆದರೂ ಅವನು ಹುಡುಗರನ್ನು ದೂರುವುದಿಲ್ಲ. ತನ್ನ ಸಿದ್ಧತೆಯನ್ನೇ ತಿದ್ದಿಕೊಳ್ಳುತ್ತಾನೆ. ಮುಂದೆ ಕಥೆ ಹೇಳತೊಡಗುತ್ತಾನೆ, ಅದೇ ಹುಡುಗರು ಕಿವಿಗೊಟ್ಟು ಕೂರುತ್ತಾರೆ.

ಕಲ್ಪಿತ ಶಿಕ್ಷಕನ ಸೋಲಿನಿಂದ ಲೇಖಕನಿಗೇನು ನಷ್ಟ ಎಂದು ನೀವು ಕೇಳಬಹುದು. ಕಲ್ಪನೆಯಲ್ಲಿ ಮೊದಲ ದಿನವೇ ಗೆಲ್ಲಿಸುವುದನ್ನು ತಡೆಯುವವರಾರಿದ್ದರು? ಗೆಲ್ಲಿಸಲಿಲ್ಲ. ತರಗತಿಯನ್ನು ಬಲ್ಲವನ ಗುರುತು ಅಲ್ಲಿಯೇ ಇದೆ. ಆ ಪುಟವನ್ನು ದಾಟಿ ಕಥೆ ಹೇಳುವ ವಿಧಾನವನ್ನಷ್ಟೇ ಎತ್ತಿಕೊಂಡವರಿಗೆ ದೊರೆಯುವುದು ಅರ್ಧ ಪಾಠ. ಕಥೆಯೂ ಒಂದು ದಿನ ಕೈಕೊಡುತ್ತದೆ, ಆಗೇನು ಮಾಡುವರು?

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದುದು. ಲಕ್ಷ್ಮೀರಾಮನಿಗೆ ಅವಕಾಶ ಕೊಟ್ಟ ಅಧಿಕಾರಿಯಿದ್ದನು. ಪಠ್ಯಭಾಗ ಮುಗಿಯಲಿಲ್ಲವೆಂದು, ಫಲಿತಾಂಶ ಇಳಿಯಿತೆಂದು ನೋಟೀಸು ಪಡೆಯುವ ಶಿಕ್ಷಕನಿಗೆ ತನ್ನ ಸೋಲನ್ನು ಒಪ್ಪಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ಮೇಲಿನವರು ಸೋಲನ್ನು ಸಹಿಸದಿದ್ದರೆ ಅದು ಕೆಳಗೆ ಹರಿಯುತ್ತದೆ, ಕೊನೆಗೆ ಮಗುವಿನ ಅಂಗೈಯನ್ನು ಮುಟ್ಟುತ್ತದೆ. ಆದ್ದರಿಂದ ಈ ಗ್ರಂಥವು ಶಿಕ್ಷಕರಿಗೆ ಹೇಳಿದಷ್ಟನ್ನೇ ಅವರ ಮೇಲಧಿಕಾರಿಗಳಿಗೂ ಹೇಳುತ್ತದೆ. ಅವರು ಇದನ್ನು ಓದುವುದು ಅಪರೂಪವೆಂಬುದು ಬೇರೆ ಮಾತು.

2009ರ ಶಿಕ್ಷಣ ಹಕ್ಕು ಕಾಯಿದೆಯು ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕಸಿದುಕೊಳ್ಳಬಹುದು. ‘ದಡ್ಡ’ ಎಂಬ ಮಾತನ್ನು ನಾಲಗೆಯಿಂದ ಕಸಿದುಕೊಳ್ಳುವುದು ಅಷ್ಟು ಸುಲಭವಲ್ಲ. ಲೆಕ್ಕವು ತನ್ನ ತಲೆಗೆ ಹತ್ತುವುದಿಲ್ಲವೆಂದು ಐವತ್ತರ ಪ್ರಾಯದಲ್ಲಿಯೂ ಹೇಳಿಕೊಳ್ಳುವವರು ನಮ್ಮ ನಿಮ್ಮ ಮನೆಗಳಲ್ಲಿದ್ದಾರೆ. ಅವರು ಈಗಲೂ ಹೊತ್ತಿರುವುದು ಎಂದೋ ಯಾರದೋ ಒಂದು ಪಾಠ ಕೆಟ್ಟ ದಿನದ ಹೊಣೆಯನ್ನು.