ಹಿಡಿ ಯಾರ ಕೈಯಲ್ಲಿ?

ಅಜ್ಜನಿಗೆ ಶ್ರವಣಯಂತ್ರ ಕೊಡಿಸಿದವನು ನಾನೇ. ಎಂಟು ತಿಂಗಳ ಫೆಲೋಶಿಪ್ ಹಣ ಒಟ್ಟಿಗೆ ಬಂದಿತ್ತು. ಮೈಸೂರಿಗೆ ಕರೆತಂದು ಪರೀಕ್ಷೆ ಮಾಡಿಸಿ, ಕಿವಿಗೆ ಹಾಕಿಸಿ, ಊರಿಗೆ ಮುಟ್ಟಿಸಿದೆ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು, "ಈಗ ಕೇಳ್ತಾ ಅಜ್ಜ?" ಎಂದೆ. ಅಜ್ಜ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದ. "ಕೇಳ್ತು. ಆದ್ರೆ ಇದು ನಿನ್ನ ದನಿ ಅಲ್ದೋ ತಮಾ" ಎಂದ.

ಮೂರು ವಾರ ಕಳೆಯುವಷ್ಟರಲ್ಲಿ ಯಂತ್ರ ಕವಳದ ಹರಿವಾಣದ ಪಕ್ಕ ಡಬ್ಬಿಯಲ್ಲಿ ಮಲಗಿತ್ತು. ನಾನು ಫೋನು ಮಾಡಿ ಗದರಿದೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಹಾಕಿಕೊಳ್ಳಲು ಏನು ಧಾಡಿ ಎಂದು ಕೇಳಿದೆ. ಆ ಕಡೆಯಿಂದ ಅಮ್ಮ, "ಅಜ್ಜಂಗೆ ನೀನು ಹೇಳಿದ್ದು ಕೇಳಿದ್ದಿಲ್ಲೆ" ಅಂದಳು. ನನಗೆ ನಗು ಬರಲಿಲ್ಲ. ಇಂದ್ರಿಯಗ್ರಹಣದ ತತ್ತ್ವಶಾಸ್ತ್ರದ ಮೇಲೆ ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಿರುವವನು ನಾನು. ನನ್ನ ಎರಡನೆಯ ಅಧ್ಯಾಯ ಸರಿಯಾಗಿ ಇದೇ ಪ್ರಶ್ನೆಯನ್ನು ಕುರಿತದ್ದು: ಯಂತ್ರವೊಂದು ಯಾವಾಗ ಇಂದ್ರಿಯವಾಗುತ್ತದೆ?

ಆ ಅಧ್ಯಾಯದ ನಡುವೆ ಒಂದು ಕುರ್ಚಿ ಇದೆ. 1969ರಲ್ಲಿ ಅಮೆರಿಕದ ಪಾಲ್ ಬಾಕ್-ಇ-ರೀಟಾ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ದಂತವೈದ್ಯರ ಹಳೆಯ ಕುರ್ಚಿ. ಬೆನ್ನು ತಾಗುವ ಜಾಗದಲ್ಲಿ ಸಾಲಿಗೆ ಇಪ್ಪತ್ತರಂತೆ ಇಪ್ಪತ್ತು ಸಾಲು, ಒಟ್ಟು 400 ಕಂಪಿಸುವ ಮೊನೆಗಳು. ಪಕ್ಕದಲ್ಲಿ ಒಂದು ಟಿವಿ ಕ್ಯಾಮೆರಾ. ಕ್ಯಾಮೆರಾಕ್ಕೆ ಕಂಡ ಬೆಳಕು-ಕತ್ತಲೆ ಕುರುಡರ ಬೆನ್ನಿನ ಮೇಲೆ ಕಂಪನದ ಚಿತ್ರವಾಗಿ ಮೂಡುತ್ತಿತ್ತು. ಕೆಲವು ಗಂಟೆಗಳ ಅಭ್ಯಾಸದ ನಂತರ ಹುಟ್ಟುಕುರುಡರೂ ಟೆಲಿಫೋನು, ಬಟ್ಟಲು ಮುಂತಾದ ವಸ್ತುಗಳನ್ನು ಗುರುತಿಸತೊಡಗಿದರು. ಒಮ್ಮೆ ಕೂತವರಿಗೆ ಹೇಳದೆ ಲೆನ್ಸನ್ನು ಹಿಗ್ಗಿಸಿದಾಗ, ಚಿತ್ರ ಬೆನ್ನಿನ ಮೇಲೆ ದೊಡ್ಡದಾಯಿತು. ಅವರು ಮುಂದಿನಿಂದ ಏನೋ ನುಗ್ಗಿ ಬಂದಂತೆ ಬೆಚ್ಚಿ ಹಿಂದಕ್ಕೆ ಸರಿದರು. ತಾಗಿದ್ದು ಬೆನ್ನಿಗೆ, ಹೆದರಿದ್ದು ಎದುರಿಗಿದ್ದುದಕ್ಕೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ಕ್ಯಾಮೆರಾ ಒಂದೇ ಕಡೆ ನಿಂತಿದ್ದಾಗ, ಅಥವಾ ಬೇರೆಯವರು ಅದನ್ನು ತಿರುಗಿಸುತ್ತಿದ್ದಾಗ, ಕೂತವರಿಗೆ ಸಿಕ್ಕಿದ್ದು ಬೆನ್ನಿನ ಮೇಲಿನ ಕಚಗುಳಿ ಮಾತ್ರ. ಕ್ಯಾಮೆರಾದ ಹಿಡಿ ಅವರ ಕೈಗೇ ಬಂದಾಗ ವಸ್ತುಗಳು ಬೆನ್ನನ್ನು ಬಿಟ್ಟು ಹೊರಗಿನ ಜಗತ್ತಿಗೆ ಹೋಗಿ ನಿಂತವು. ಯಂತ್ರ ಅದೇ, ಮಾಹಿತಿಯೂ ಅದೇ. ಬದಲಾದದ್ದು ಹಿಡಿ ಯಾರ ಕೈಯಲ್ಲಿದೆ ಎನ್ನುವುದು.

ಬಾಕ್-ಇ-ರೀಟಾ ಇನ್ನೊಂದನ್ನೂ ದಾಖಲಿಸಿದ್ದಾರೆ. ಹೀಗೆ 'ನೋಡಲು' ಕಲಿತವರು ತಮ್ಮ ಹೆಂಡತಿಯ ಮುಖವನ್ನು ಈ ಯಂತ್ರದ ಮೂಲಕ ಕಂಡಾಗ ನಿರಾಶರಾದರಂತೆ. ಕಣ್ಣು, ಮೂಗು, ಕೂದಲಿನ ಅಂಚು ಎಲ್ಲ ತಿಳಿಯುತ್ತಿತ್ತು, ಆದರೆ ಒಳಗೆ ಏನೂ ಅಲುಗಲಿಲ್ಲ. ಇದನ್ನು ನಾನು ನನ್ನ ಅಧ್ಯಾಯದಲ್ಲಿ ಅಡಿಟಿಪ್ಪಣಿಗೆ ತಳ್ಳಿದ್ದೆ. "ಇದು ನಿನ್ನ ದನಿ ಅಲ್ದೋ" ಎಂದು ಅಜ್ಜ ಹೇಳಿದ ಮೇಲೆ ಅದು ಅಡಿಯಲ್ಲಿ ಕೂರಲು ಒಪ್ಪುತ್ತಿಲ್ಲ.

ಅಜ್ಜನದು ಕಳೆದುಹೋದದ್ದರ ದುರಸ್ತಿ, ಇಂದ್ರಿಯದ ವಿಸ್ತರಣೆ ಅಲ್ಲ ಎನ್ನಬಹುದು. ನನ್ನ ಮಾರ್ಗದರ್ಶಕರೂ ಹಾಗೇ ಅಂದರು. ಆ ಗೆರೆ ಅಷ್ಟು ಗಟ್ಟಿಯಾದದ್ದೆಂದು ನನಗೆ ಅನಿಸುವುದಿಲ್ಲ. ಮುಪ್ಪಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು: ಸ, ಶ, ತ ಮುಂತಾದ ವ್ಯಂಜನಗಳ ಅಂಚು, ಹಕ್ಕಿಯ ಚಿಲಿಪಿಲಿ, ಸ್ಟೀಲ್ ಲೋಟದ ಟಣ್. ಹತ್ತಾರು ವರ್ಷ ಅದಿಲ್ಲದೆ ಬದುಕಿದ ಮೆದುಳಿಗೆ ಯಂತ್ರ ಒಮ್ಮೆಲೇ ಅದನ್ನೆಲ್ಲ ಸುರಿದಾಗ, ಅದು ಹಳೆಯ ಲೋಕವಲ್ಲ, ಹೊಸದು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊತ್ತು ಹೆಚ್ಚಿಸುತ್ತಾ ಹೋಗಿ ಎಂದು ಶ್ರವಣತಜ್ಞರು ಹೇಳುವುದು ಅದಕ್ಕೇ. ನನಗೂ ಹೇಳಿದ್ದರು. ನಾನು ಅಜ್ಜನಿಗೆ "ಇಡೀ ದಿನ ಹಾಕ್ಕೋ" ಎಂದಿದ್ದೆ.

ನಿಜವಾಗಿಯೂ ಹೊಸ ಇಂದ್ರಿಯವೇ ಬೇಕೆಂದರೆ ಜರ್ಮನಿಯ ಓಸ್ನಾಬ್ರ್ಯೂಕ್ ವಿಶ್ವವಿದ್ಯಾಲಯದ ಸೊಂಟಪಟ್ಟಿಯನ್ನು ನೋಡಬೇಕು. 2005ರಲ್ಲಿ ಪ್ರಕಟವಾದ ಪ್ರಯೋಗ ಅದು. ಪಟ್ಟಿಯ ಸುತ್ತ ಸಣ್ಣ ಮೋಟಾರುಗಳು. ನೀವು ಹೇಗೇ ತಿರುಗಿ, ಉತ್ತರ ದಿಕ್ಕಿಗಿರುವ ಮೋಟಾರು ಮಾತ್ರ ಕಂಪಿಸುತ್ತದೆ. ನಾಲ್ವರು ಆರು ವಾರ ಕಟ್ಟಿಕೊಂಡು ಓಡಾಡಿದರು. ಅವರಲ್ಲಿ ಕೆಲವರಿಗೆ ಕಂಪನ ಕಂಪನವಾಗಿ ಉಳಿಯದೆ, ಊರು ತನ್ನ ಸುತ್ತ ಹೇಗೆ ಹರಡಿಕೊಂಡಿದೆ ಎಂಬ ಅರಿವೇ ಆಯಿತು. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷೆಯವರಿಗೆ ಇಂಥ ಅರಿವು ಮೋಟಾರಿಲ್ಲದೆಯೇ ಬರುತ್ತದೆ. ಎಡ-ಬಲದ ಬದಲು ದಿಕ್ಕುಗಳಲ್ಲೇ ಮಾತಾಡುವ ಭಾಷೆ ಅದು. ಅಲ್ಲಿನ ಮಗು ಮಾತು ಕಲಿಯುವುದೆಂದರೆ ದಿಕ್ಕು ತಪ್ಪದಿರಲು ಕಲಿಯುವುದೂ ಹೌದು. ಪಟ್ಟಿ ಆರು ವಾರದಲ್ಲಿ ಕೊಡಲು ನೋಡಿದ್ದನ್ನು ಅಲ್ಲಿ ಅಪ್ಪ ಅಮ್ಮ, ಓರಗೆಯವರು, ಜಗಳ, ಆಟ ಎಲ್ಲ ಸೇರಿ ಕೊಡುತ್ತಾರೆ. ಎರಡರಲ್ಲೂ ನಡೆದಾಡಬೇಕಾದವರು ಕಲಿಯುವವರೇ.

ಹಿಡಿ ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ಕ್ರೂರ ಉದಾಹರಣೆಯೊಂದಿದೆ. 'ಆರ್ಗಸ್ 2' ಎಂಬ ಕೃತಕ ರೆಟಿನಾವನ್ನು ಅಮೆರಿಕದ ಸೆಕೆಂಡ್ ಸೈಟ್ ಕಂಪನಿ ತಯಾರಿಸುತ್ತಿತ್ತು. ಕನ್ನಡಕದಲ್ಲಿ ಕ್ಯಾಮೆರಾ, ಕಣ್ಣೊಳಗೆ 60 ಇಲೆಕ್ಟ್ರೋಡು. 2013ರಲ್ಲಿ ಅಲ್ಲಿನ ಸರಕಾರದ ಅನುಮತಿ ಸಿಕ್ಕಿತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ಮಿಣುಕುವ ಚುಕ್ಕೆಗಳಿಂದ ಬಾಗಿಲು, ರಸ್ತೆಯ ಪಟ್ಟೆ ಗುರುತಿಸಲು ತಿಂಗಳುಗಟ್ಟಲೆ ಕಲಿತರು. 2019ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು, ಮರುವರ್ಷ ಹೆಚ್ಚಿನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಕೆಟ್ಟರೆ ಸರಿಮಾಡುವವರಿಲ್ಲ, ತೆಗೆಸಬೇಕೆಂದರೆ ಮತ್ತೊಂದು ಶಸ್ತ್ರಚಿಕಿತ್ಸೆ. ಕಲಿತ ಶ್ರಮವೆಲ್ಲ ಅವರದು, ಬಿಡಿಭಾಗ ಇನ್ನೊಬ್ಬರದು. ಮೈಯೊಳಗೆ ಹೊಕ್ಕ ಇಂದ್ರಿಯವನ್ನು ಮಾರಾಟದ ಸರಕು ಎನ್ನಲು ಸಾಧ್ಯವೇ? ಆಗದೆಂದು ನನ್ನ ಅಭಿಪ್ರಾಯ. ಮಾರಿದವರಿಗೆ ಅದನ್ನು ಕೊನೆವರೆಗೆ ನೋಡಿಕೊಳ್ಳುವ ಹೊಣೆ ಇರಬೇಕು, ಇಲ್ಲವೇ ಅದರ ಒಳಗುಟ್ಟನ್ನು ಬಿಟ್ಟುಕೊಡಬೇಕು.

ಕಂಪನಿಯ ಬಗ್ಗೆ ಇಷ್ಟು ಖಂಡಿತವಾಗಿ ಹೇಳುವ ನಾನು ಅಜ್ಜನ ವಿಷಯದಲ್ಲಿ ಮಾಡಿದ್ದೇನು? ಕೇಳಿಸುವುದು ಒಳ್ಳೆಯದು, ಹೆಚ್ಚು ಕೇಳಿಸುವುದು ಹೆಚ್ಚು ಒಳ್ಳೆಯದು ಎಂದುಕೊಂಡು, ಕ್ಯಾಮೆರಾವನ್ನು ನಾನೇ ತಿರುಗಿಸುತ್ತಾ "ಕಾಣ್ತಾ? ಕಾಣ್ತಾ?" ಎಂದು ಕೇಳಿದ್ದೆ. ಹಾಗೆಂದು ಅಜ್ಜನೇ ಸರಿ ಎಂದು ಬರೆದು ಮುಗಿಸಲೂ ಮನಸ್ಸಿಲ್ಲ. ಕಿವಿ ಮುಚ್ಚಿದ ಮುದುಕರು ಮನೆಯ ಮಾತಿನಿಂದ ಮೆಲ್ಲಗೆ ಹೊರಗಾಗುವುದನ್ನು ನಾನು ಕಂಡಿದ್ದೇನೆ. ಹೊರಗಾದವರೇ ಅದನ್ನು ನೆಮ್ಮದಿ ಎಂದು ಕರೆಯುವುದನ್ನೂ ಕಂಡಿದ್ದೇನೆ.

ಈಗ ಅಜ್ಜ ತನ್ನದೇ ಲೆಕ್ಕ ಇಟ್ಟುಕೊಂಡಿದ್ದಾನೆ. ಸೊಸೈಟಿಯ ಸಭೆಗೆ, ಬ್ಯಾಂಕಿಗೆ, ಡಾಕ್ಟರ ಹತ್ತಿರ ಹೋಗುವಾಗ ಯಂತ್ರ ಬೇಕು. ಸಂಜೆ ಅಜ್ಜಿಯ ಮಾತಿಗೆ ಬೇಡ. ಅವಳು ಏನು ಹೇಳುತ್ತಾಳೆಂದು ಹೇಗೂ ಗೊತ್ತು ಎನ್ನುತ್ತಾನೆ. (ಅಜ್ಜಿಗೆ ಇದು ಒಪ್ಪಿಗೆಯಿಲ್ಲ.)

ಕಳೆದ ತಿಂಗಳು ಊರಲ್ಲಿ ತಾಳಮದ್ದಳೆ ಇತ್ತು. ಅಜ್ಜ ಯಂತ್ರ ಹಾಕಿಕೊಂಡೇ ಬಂದ, ಅರ್ಥಧಾರಿಗಳ ಮಾತು ಒಂದೂ ತಪ್ಪಬಾರದೆಂದು. ಭಾಗವತರು ಪದ ಎತ್ತಿದೊಡನೆ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಬಂದ್ ಮಾಡುವುದು ತಿಳಿಯದೆ ನಾನು ಮುಷ್ಟಿ ಬಿಗಿದೆ. ಅದು ಕೀ ಎಂದು ಕೂಗತೊಡಗಿತು. ಮುಂದೆ ಕೂತವರು ತಿರುಗಿ ನನ್ನನ್ನು ನೋಡಿದರು. ಅಜ್ಜನಿಗೆ ಆ ಕೂಗು ಕೇಳಿಸಲಿಲ್ಲ. ಅವನ ಕೈ ತೊಡೆಯ ಮೇಲೆ ಮದ್ದಳೆಯ ಜೊತೆ ತಾಳ ಹಾಕುತ್ತಿತ್ತು. ಪೆಟ್ಟು ಒಂದೂ ತಪ್ಪಲಿಲ್ಲ.